ಹತ್ತಿ ಬೆಳ್ಳಗೇ ಇತ್ತು

ಮಾರ್ಚ್ 4
ಆಸ್ಪತ್ರೆಯಿಂದ

ಅಕ್ಕಾ,

ಎಲ್ಲರೂ ಕ್ಷೇಮ ಎಂದು ಶುರುಮಾಡುವ ಪತ್ರವಲ್ಲ ಇದು. ನಿನ್ನ ಕಿವಿಗೆ ಫೋನು ಆಗಿಬರುವುದಿಲ್ಲ, ಭಾವನಿಗೆ ಹೇಳಿದರೆ "ಹೂಂ, ಹೂಂ" ಎಂದು ಇಟ್ಟುಬಿಡುತ್ತಾರೆ. ಅದಕ್ಕೆ ನಮ್ಮ ಬಟ್ಟೆ ಗಂಟುಗಳನ್ನು ಸಿಟಿಗೆ ತರುವ ಬೆಳಗಿನ ಬಸ್ಸಿನ ಡ್ರೈವರ್ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ದಿನಾ ಈ ಆಸ್ಪತ್ರೆಯ ಗೇಟಿನ ಮುಂದೆಯೇ ಹೋಗುತ್ತಾರಂತೆ. ನೀನೂ ಅವರ ಕೈಯಲ್ಲೇ ಕೊಡು.

ನಿನ್ನೆ ಬೆಳಿಗ್ಗೆ ಮಗು ಹಾಲು ಬಿಟ್ಟು ತೇಲುಗಣ್ಣು ಮಾಡಿದಾಗ ನಾನೂ ನಮ್ಮೆಜಮಾನರೂ ಎತ್ತಿಕೊಂಡು ಓಡಿದೆವಲ್ಲ, ಮಧ್ಯಾಹ್ನದ ಹೊತ್ತಿಗೆ ಇಲ್ಲಿ ತಲುಪಿದೆವು. ಬಾಗಿಲಲ್ಲಿದ್ದ ಸಿಸ್ಟರ್ ಮಗುವನ್ನು ನೋಡಲೇ ಇಲ್ಲ. ನನ್ನ ಕೈ ಹಿಡಿದು, "ಕೂತ್ಕೊಳ್ಳಿ, ಕೂತ್ಕೊಳ್ಳಿ, ಎಷ್ಟು ಹೊತ್ತಿಂದ ಹೀಗಿದೆ?" ಎಂದು ಗಾಲಿಕುರ್ಚಿಯಲ್ಲಿ ಕೂರಿಸಿಯೇಬಿಟ್ಟರು.

"ನಂಗೇನೂ ಆಗಿಲ್ಲ ಸಿಸ್ಟರ್, ಮಗೂಗೆ" ಅಂದೆ.

"ನಿಮ್ಮ ಉಗುರು ನೋಡ್ಕೊಂಡಿದೀರಾ? ಪೂರ್ತಿ ನೀಲಿ!"

"ಅದು ಬಣ್ಣ. ನಾವು ಬಟ್ಟೆಗೆ ನೀಲಿ ಹಾಕೋರು."

ಅವರು ನಂಬಲಿಲ್ಲ. ಬೆರಳಿಗೆ ಕ್ಲಿಪ್ಪಿನಂಥದೊಂದು ಸಿಕ್ಕಿಸಿದರು. ಬಣ್ಣ ತುಂಬಿದ ಉಗುರಿನ ಮೇಲೆ ಅದು ಏನನ್ನೂ ತೋರಿಸಲಿಲ್ಲ. ಆಮೇಲೆ ಕಿವಿಗೆ ಸಿಕ್ಕಿಸಿದರು. ತೊಂಬತ್ತೊಂಬತ್ತು ಬಂತು. ರಕ್ತದಲ್ಲಿ ಗಾಳಿ ಎಷ್ಟು ಸೇರಿದೆ ಎಂಬುದರ ಅಂಕಿ ಅದು, ನೂರಕ್ಕೆ ಹತ್ತಿರ ಇದ್ದರೆ ಸರಿ. ಅವರು ನಕ್ಕರು. ನಾನೂ ನಕ್ಕು, "ಮಗೂಗೂ ನಮ್ಮ ಬಣ್ಣಾನೇ ಮೆತ್ಕೊಂಡಿದೆ, ಅದು ನೋಡಿ ಗಾಬರಿ ಆಗ್ಬೇಡಿ" ಎಂದೆ. ಅವರು ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಮಗುವಿನ ಕಾಲ್ಬೆರಳು ಒರೆಸಿದರು, ತುಟಿಯ ಅಂಚು ಒರೆಸಿದರು. ಹತ್ತಿಯನ್ನು ನನ್ನ ಮುಖದ ಮುಂದೆ ಹಿಡಿದರು. ಅಕ್ಕಾ, ಹತ್ತಿ ಬೆಳ್ಳಗೇ ಇತ್ತು. ಪಾದಕ್ಕೆ ಕ್ಲಿಪ್ಪು ಹಾಕಿದಾಗ ಅರವತ್ತೆಂಟು ಬಂತು. ಆಮೇಲೆ ಯಾರೂ ನಗಲಿಲ್ಲ.

ಹೃದಯದಿಂದ ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿಯೇ ನಮ್ಮ ಪಾಪುವಿಗೆ ಮುಚ್ಚಿದೆಯಂತೆ. ಎಲ್ಲ ಮಕ್ಕಳಿಗೂ ಹುಟ್ಟುವಾಗ ಒಂದು ಸಣ್ಣ ಒಳದಾರಿ ಇರುತ್ತದೆ, ಕೆಲವು ದಿನಗಳಲ್ಲಿ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ. ಇವಳು ಹುಟ್ಟಿದ ಈ ಆರು ದಿನ ಆ ಒಳದಾರಿಯ ಮೇಲೆಯೇ ಬದುಕಿದ್ದಳು. ಅದು ಮುಚ್ಚುತ್ತಾ ಬಂದಾಗ ನಾವು ಬಂದಿದ್ದೇವೆ. ಮುಚ್ಚದ ಹಾಗೆ ಈಗ ಡ್ರಿಪ್ಪಿನಲ್ಲಿ ಔಷಧಿ ಹೋಗುತ್ತಿದೆ. ಆಪರೇಷನ್ ಮಾಡಿ ಒಂದು ಸಣ್ಣ ಕೊಳವೆ ಇಡಬೇಕು.

ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿತ್ತೇ, ಎಳೆಮಕ್ಕಳು ಯಾರಾದರೂ ಹೋಗಿದ್ದಾರೆಯೇ ಎಂದು ಹೃದಯದ ಡಾಕ್ಟರು ಕೇಳಿದರು. ಅಕ್ಕನ ಮಗುವೊಂದು ಶೀತವಾಗಿ ಹೋಯಿತು, ಬೇರೆ ಯಾರೂ ಇಲ್ಲ ಎಂದೆ. ಸರಿಯಾಗಿ ವಿಚಾರಿಸಿ ಹೇಳಿ ಎಂದಿದ್ದಾರೆ. ಹಳೆಯದೆಲ್ಲ ನಿನಗೇ ಗೊತ್ತಿರುವುದು. ಬೇಗ ಬರೆ.

ನಿನ್ನ
ಗುಬ್ಬಿ


ಮಾರ್ಚ್ 6
ಮನೆಯಿಂದ

ಗುಬ್ಬೀ,

ಡ್ರೈವರ್ ಗೇಟಿನಲ್ಲಿ ಹತ್ತು ಸಲ ಹಾರ್ನ್ ಹೊಡೆದರಂತೆ. ಬಟ್ಟೆ ಬಡಿದು ಬಡಿದು ಕೆಟ್ಟ ಕಿವಿ ಇದು, ನನಗೆ ಕೇಳಿಸಿದರೆ ತಾನೇ. ಪಾಪ, ಕೊನೆಗೆ ಇಳಿದು ಬಂದು ಅಂಗಳದಲ್ಲಿ ನನ್ನ ಮುಂದೆಯೇ ನಿಂತು ಕೈಯಾಡಿಸಿದರು.

ನೀನು ಎದೆ ಗಟ್ಟಿ ಮಾಡಿಕೋ. ದೊಡ್ಡ ಆಸ್ಪತ್ರೆ, ಓದಿದ ಜನ, ಅವರಿಗೆ ಇದೆಲ್ಲ ದಿನನಿತ್ಯದ ಕೆಲಸ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿಮ್ಮೆಜಮಾನರು ಕಾರಿಡಾರಿನ ಬೆಂಚಿನ ಮೇಲೆ ಮಲಗಿ ಬೆನ್ನು ಹಿಡಿಸಿಕೊಳ್ಳುತ್ತಾರೆ, ಕೆಳಗೆ ಹಾಸಿಕೊಳ್ಳಲು ಹೇಳು. ನಾಲ್ಕು ಬಿಳಿ ಬಟ್ಟೆ ಕಳಿಸಿದ್ದೇನೆ, ಯಾವುದೂ ಬಣ್ಣದ ತೊಟ್ಟಿಯ ಹತ್ತಿರವೂ ಸುಳಿದದ್ದಲ್ಲ.

ಇಲ್ಲಿ ಕೆಲಸಕ್ಕೆ ಬಿಡುವಿಲ್ಲ. ಶಾಲೆಯವರ ನಲವತ್ತು ಥಾನು ಬಟ್ಟೆಯಲ್ಲಿ ಇಪ್ಪತ್ತಾರು ಮುಗಿದಿವೆ. ಮೂರನೇ ತೊಟ್ಟಿ ಯಾಕೋ ಮುನಿಸಿಕೊಂಡಿದೆ, ಬಣ್ಣ ಹಿಡಿಯುತ್ತಿಲ್ಲ. ನಿಮ್ಮ ಭಾವ ಅದರ ಪಕ್ಕ ಕೂತು ಮುಖ ನೋಡುತ್ತಿದ್ದಾರೆ, ಮಾತಾಡಿಸಿದರೆ ಅದು ಇವರಿಗಿಂತ ಮೊದಲು ಉತ್ತರ ಕೊಡುತ್ತದೆ.

ನಮ್ಮ ಕಡೆ ಯಾರಿಗೂ ಹೃದಯದ ಕಾಯಿಲೆ ಇರಲಿಲ್ಲ. ಅಮ್ಮ ಎಪ್ಪತ್ತೊಂದು ವರ್ಷ ಗಟ್ಟಿಮುಟ್ಟಾಗಿದ್ದಳು. ನನ್ನದು ನಿನಗೆ ಗೊತ್ತೇ ಇದೆ, ಶೀತ. ಆ ಹಳೇ ಕತೆಯನ್ನೆಲ್ಲ ಅಲ್ಲಿ ಬಿಚ್ಚಿ ಡಾಕ್ಟರ ತಲೆ ಕೆಡಿಸಬೇಡ.

ಒಂದು ಮಾತು. ಹಾಲು ಕುಡಿಯುವಾಗ ಪಾಪುವಿನ ಹಣೆಯ ಮೇಲೆ ಬೆವರು ಬರುತ್ತಿತ್ತೇ? ಎರಡು ಗುಟುಕು ಕುಡಿದು, ನಿಲ್ಲಿಸಿ, ಉಸಿರು ತೆಗೆದುಕೊಂಡು, ಮತ್ತೆ ಎರಡು ಗುಟುಕು, ಹಾಗೆ? ಸುಮ್ಮನೆ ಕೇಳಿದೆ.

ಅಕ್ಕ


ಮಾರ್ಚ್ 8
ಆಸ್ಪತ್ರೆಯಿಂದ

ಅಕ್ಕಾ,

ನಿನ್ನ ಬಿಳಿ ಬಟ್ಟೆ ಬಂತು. ಒಳಗೆ ಬಿಡುವುದಿಲ್ಲವಂತೆ, ಅವರದೇ ಬಟ್ಟೆ ಆಗಬೇಕು. ನಾನೇ ತಲೆಯಡಿಗೆ ಇಟ್ಟುಕೊಂಡಿದ್ದೇನೆ, ಮನೆಯ ಸೋಪಿನ ವಾಸನೆ ಇದೆ.

ಪಾಪು ಇರುವುದು ಏಳನೇ ಹಾಸಿಗೆಯಲ್ಲಿ. ಡ್ರಿಪ್ಪಿನಿಂದ ಅಂಕಿ ಎಂಬತ್ತರ ತನಕ ಏರಿದೆ. ನಾನು ಅವಳ ಮುಖಕ್ಕಿಂತ ಆ ಅಂಕಿಯನ್ನೇ ಹೆಚ್ಚು ನೋಡುತ್ತೇನೆ. ಮೂಗಿನಲ್ಲಿ ನಳಿಗೆ ಹಾಕಿ ಹಾಲು ಕೊಡುತ್ತಾರೆ. ಒಳಗೆ ಹೋಗುವ ಮುಂಚೆ ಮೊಣಕೈ ತನಕ ಬ್ರಷ್ಷು ಹಾಕಿ ಉಜ್ಜಬೇಕು. ಎಷ್ಟು ಉಜ್ಜಿದರೂ ಸಿಸ್ಟರ್ ನನ್ನ ಉಗುರು ನೋಡಿ ತಲೆಯಾಡಿಸುತ್ತಾರೆ. ಉಗುರಡಿಯಲ್ಲಿ ಕೊಳೆ ಇದೆಯೋ ಇಲ್ಲವೋ ಅವರಿಗೆ ಕಾಣುವುದಿಲ್ಲವಂತೆ. ಹಾಗಾಗಿ ಎಲ್ಲ ತಾಯಂದಿರೂ ಬರಿಗೈಯಲ್ಲಿ ಮುಟ್ಟುತ್ತಾರೆ, ನಾನೊಬ್ಬಳು ಕೈಗವಸು ಹಾಕಿಕೊಂಡು ಮುಟ್ಟುತ್ತೇನೆ. ಅವಳಿಗೆ ನನ್ನ ಚರ್ಮ ಮರೆತೇಹೋಗುತ್ತದೆ ಅನ್ನಿಸುತ್ತದೆ.

ಆರನೇ ಹಾಸಿಗೆಯ ಮಗುವಿನ ತಾಯಿ ಒಬ್ಬರು ಟೀಚರ್. ನಿನ್ನೆ ತನಕ ನಾವಿಬ್ಬರೂ ಒಟ್ಟಿಗೆ ಟೀ ಕುಡಿಯುತ್ತಿದ್ದೆವು. ಇವತ್ತು ಬೆಳಿಗ್ಗೆ ಬಂದಾಗ ಆ ಹಾಸಿಗೆ ಖಾಲಿ ಇತ್ತು. ಮಧ್ಯಾಹ್ನಕ್ಕೆ ಹೊಸ ಚಾದರ ಹಾಸಿದರು. ಆ ಟೀಚರ ಟೀ ಲೋಟ ಇನ್ನೂ ಕಿಟಕಿಯಲ್ಲಿದೆ, ತೆಗೆಯಲು ಯಾರಿಗೂ ಕೈ ಬರುತ್ತಿಲ್ಲ.

ನೀನು ಕೇಳಿದ ಬೆವರು ನಿಜ. ಪ್ರತಿ ಸಲ ಬರುತ್ತಿತ್ತು. ಎರಡು ಗುಟುಕು, ನಿಲ್ಲಿಸುವುದು, ಅದೂ ನಿಜ. ಡಾಕ್ಟರು ಇದನ್ನೇ, ಹೆಚ್ಚುಕಡಿಮೆ ಇದೇ ಮಾತಿನಲ್ಲಿ ಕೇಳಿದರು. ನೀನು ಎಷ್ಟು ಸೂಕ್ಷ್ಮವಾಗಿ ಗಮನಿಸಿದ್ದೀಯಲ್ಲ ಅಕ್ಕಾ! ಹೆತ್ತ ನನಗೆ ಅದು ಸೆಖೆಯ ಬೆವರು ಅನ್ನಿಸಿತ್ತು.

ನಾನು ಎಂಟನೇ ತಿಂಗಳ ತನಕ ತೊಟ್ಟಿಗೆ ಕೈ ಹಾಕಿದೆ. ಬಣ್ಣ ನನ್ನ ಮೈಯೊಳಗೆ ಇಳಿದು ಅವಳಿಗೆ ಹೋಗಿದೆ. ಡಾಕ್ಟರು ಇಲ್ಲ ಅನ್ನುತ್ತಾರೆ. ಅವರಿಗೆ ನಮ್ಮ ಬಣ್ಣ ಏನು ಗೊತ್ತು? ಮನೆಗೆ ತಪಾಸಣೆಗೆ ಬಂದ ನರ್ಸಮ್ಮ "ಯಾಕೆ ಹೀಗಿದೆ ತುಟಿ?" ಎಂದಾಗ ನೀನು "ನಮ್ಮನೆ ಬಣ್ಣ ಸಿಸ್ಟರ್, ಈಗ್ಲೇ ಕೆಲ್ಸಕ್ಕೆ ಸೇರ್ಕೊಂಡಿದಾಳೆ" ಎಂದು ನಗಿಸಿದೆಯಲ್ಲ, ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ನಿನ್ನನ್ನು ದೂರುತ್ತಿಲ್ಲ, ನಿನಗೇನು ಗೊತ್ತಿತ್ತು. ನಾನು ತಾಯಿ. ನನಗೆ ತಿಳಿಯಬೇಕಿತ್ತು.

ಗುಬ್ಬಿ


ಮಾರ್ಚ್ 10
ಮನೆಯಿಂದ

ಗುಬ್ಬೀ,

ಹುಚ್ಚುಚ್ಚಾಗಿ ಬರೆಯಬೇಡ. ಬಣ್ಣಕ್ಕೂ ಇದಕ್ಕೂ ಸಂಬಂಧವಿಲ್ಲ. ಬಣ್ಣ ಚರ್ಮದ ಮೇಲಿನದು. ಅಮ್ಮ ನಮ್ಮಿಬ್ಬರನ್ನೂ ಹೊಟ್ಟೆಯಲ್ಲಿಟ್ಟುಕೊಂಡು ತೊಟ್ಟಿಗೆ ಕೈ ಹಾಕಿದವಳೇ. ನಿನ್ನ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ. ಇಲ್ಲ ಎಂದರೆ ಇಲ್ಲ. ಈ ಮಾತನ್ನು ಇನ್ನೊಮ್ಮೆ ಬರೆದರೆ ನಾನು ಉತ್ತರ ಕೊಡುವುದಿಲ್ಲ.

ಮೂರನೇ ತೊಟ್ಟಿ ಮುಚ್ಚಿಸಿದ್ದೇನೆ. ಮೇಲೆ ಹಲಗೆ ಹಾಕಿ ಕಲ್ಲು ಹೇರಿಸಿದ್ದೇನೆ. ನಿಮ್ಮ ಭಾವ ಯಾಕೆ ಎಂದು ಕೇಳಿದರು, ಕೆಟ್ಟಿದೆ ಎಂದೆ. ಅದು ಕೆಟ್ಟಿಲ್ಲ. ನೊರೆ ಒಡೆಯುವಾಗ ಅದರಿಂದ ಒಂದು ಸದ್ದು ಬರುತ್ತದೆ. ಡ್ರೈವರ ಹಾರ್ನ್ ಕೇಳದ ಕಿವಿ ಇದು, ನಿಮ್ಮ ಭಾವ ಪಕ್ಕದಲ್ಲಿ ನಿಂತು ಕೂಗಿದರೂ ಕೇಳದ ಕಿವಿ. ಅದಕ್ಕೆ ಈ ಸದ್ದು ಮಾತ್ರ ಸ್ಪಷ್ಟವಾಗಿ ಕೇಳುತ್ತದೆ. ಎರಡು ಸಲ ಚಪ್ಪರಿಸಿದ ಹಾಗೆ. ಆಮೇಲೆ ನಿಲ್ಲುತ್ತದೆ. ಮತ್ತೆ ಎರಡು ಸಲ. ನಿಂತಾಗ ನನ್ನ ಉಸಿರೂ ನಿಲ್ಲುತ್ತದೆ. ಹಲಗೆ ಹಾಕಿದ ಮೇಲೂ ಕೇಳುತ್ತಿದೆ.

ವಯಸ್ಸಾಯಿತು, ಕಿವಿ ಹೋದವರಿಗೆ ಹೀಗೆಲ್ಲ ಆಗುತ್ತದಂತೆ. ಇದನ್ನು ಯಾಕೆ ಬರೆದೆನೋ. ಹರಿದು ಬೇರೆ ಬರೆಯೋಣವೆಂದರೆ ಬಸ್ಸು ಬಂದು ನಿಂತಿದೆ.

ಅಕ್ಕ


ಮಾರ್ಚ್ 11
ಆಸ್ಪತ್ರೆಯಿಂದ

ಅಕ್ಕಾ,

ಆಪರೇಷನ್ ಹದಿನಾಲ್ಕಕ್ಕೆ ಎಂದು ಗೊತ್ತಾಯಿತು.

ಇವತ್ತು ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಚಿತ್ರ ಬರೆದು ತೋರಿಸಿದರು. ಒಳ್ಳೆಯ ಮನುಷ್ಯ, ಆದರೆ ಮಾತಿಗೆ ಸಕ್ಕರೆ ಬೆರೆಸುವುದಿಲ್ಲ. ಈ ಕಾಯಿಲೆ ಕೆಲವು ಮನೆಗಳಲ್ಲಿ ರಕ್ತಸಂಬಂಧದಲ್ಲಿ ಬರುತ್ತದಂತೆ. ಹಾಗೆ ಬಂದ ಮಕ್ಕಳಿಗೆ ಆಪರೇಷನ್ನಿನಲ್ಲಿ ಕೊಡುವ ರಕ್ತವನ್ನು ಬೇರೆ ರೀತಿಯಲ್ಲಿ ಸಿದ್ಧಮಾಡಬೇಕು. ಮಾಮೂಲು ರಕ್ತ ಕೊಟ್ಟರೆ ಆ ರಕ್ತವೇ ಮೈಯ ಮೇಲೆ ತಿರುಗಿ ಬೀಳಬಹುದು. ಮೈಯ ಸುಣ್ಣದ ಅಂಶವೂ ಇದ್ದಕ್ಕಿದ್ದಂತೆ ಇಳಿಯಬಹುದು, ಆಗ ಹೃದಯದ ಬಡಿತ ತಪ್ಪುತ್ತದೆ. ಪರೀಕ್ಷೆಗೆ ಕಳಿಸಿದ್ದಾರೆ, ವರದಿ ಬರಲು ಎರಡು ವಾರ ಬೇಕು. ಪಾಪುವಿಗೆ ಎರಡು ವಾರ ಇಲ್ಲ.

"ನಿಮ್ಮನೇಲಿ ಹೀಗೆ ಇನ್ನೊಂದು ಮಗು ಇತ್ತು ಅಂತ ಗೊತ್ತಾದ್ರೆ ವರದಿಗೆ ಕಾಯೋದಿಲ್ಲ. ಆ ರಕ್ತಾನೇ ತರಿಸ್ತೀನಿ. ಅದು ಬೇರೆ ಕಡೆಯಿಂದ ಬರ್ಬೇಕು, ಒಂದು ದಿನ ಮೊದ್ಲೇ ಹೇಳಿರ್ಬೇಕು. ಸುಮ್ಸುಮ್ನೆ ತರ್ಸೋಕಾಗಲ್ಲ, ಇರೋದೇ ಸ್ವಲ್ಪ" ಎಂದರು.

ನಾನು ಮತ್ತೆ, ಅಕ್ಕನ ಮಗು ಶೀತಕ್ಕೆ ಹೋಯಿತು ಎಂದೆ. ಅವರು ಪೆನ್ನು ಕೆಳಗಿಟ್ಟು, "ಶೀತ ಅಂದ್ರೆ ಏನು? ಕೆಮ್ಮಿತ್ತಾ? ಜ್ವರ ಇತ್ತಾ? ಮೂಗು ಸೋರ್ತಿತ್ತಾ?" ಎಂದು ಕೇಳಿದರು. ಆ ಮಗು ಹೋದಾಗ ನನಗೆ ಎಂಟು ವರ್ಷ. ಆಗ ನನ್ನನ್ನು ಪಕ್ಕದ ಮನೆಯಲ್ಲಿ ಬಿಟ್ಟಿದ್ದಿರಿ. ವಾಪಸು ಬಂದಾಗ ತೊಟ್ಟಿಲು ಇರಲಿಲ್ಲ, ನೀನು ಗೋಡೆಗೆ ಮುಖ ಮಾಡಿ ಮಲಗಿದ್ದೆ. ಅಷ್ಟೇ ನನಗೆ ನೆನಪು.

ಅಕ್ಕಾ, ನಿನ್ನ ಹತ್ತನೇ ತಾರೀಖಿನ ಪತ್ರ ನನ್ನ ಮುಂದೆಯೇ ಇದೆ. ಎರಡು ಸಲ, ನಿಲ್ಲುವುದು, ಮತ್ತೆ ಎರಡು ಸಲ. ಆ ಬೆವರಿನ ವಿಷಯ ನೀನು ನನ್ನ ಮಗಳನ್ನು ನೋಡಿ ಕೇಳಿದ್ದಲ್ಲ, ಅಲ್ಲವೇ? ಅವಳಿಗೆ ಹಾಲು ಕೊಡುವಾಗ ನೀನು ಒಂದು ದಿನವೂ ಹತ್ತಿರ ಕೂತಿರಲಿಲ್ಲ. ಕರೆದರೂ ಕೆಲಸವಿದೆ ಎಂದು ಎದ್ದು ಹೋಗುತ್ತಿದ್ದೆ.

ಶೀತ ಅಂದರೆ ಏನು?

ಗುಬ್ಬಿ


ಮಾರ್ಚ್ 12
ಮನೆಯಿಂದ

ಗುಬ್ಬೀ,

ಇದನ್ನು ಓದಿದ ಕೂಡಲೇ ಡಾಕ್ಟರ ಹತ್ತಿರ ಹೋಗು. ಕೋಪ ಮಾಡಿಕೊಳ್ಳುವುದಿದ್ದರೆ ಆಮೇಲೆ ಮಾಡಿಕೋ. ಡ್ರೈವರಿಗೆ ನಿನ್ನ ಕೈಗೇ ಕೊಡಬೇಕೆಂದು ಹೇಳಿದ್ದೇನೆ.

ನನ್ನ ಮಗು ಶೀತದಿಂದ ಹೋಗಲಿಲ್ಲ. ಕೆಮ್ಮಿರಲಿಲ್ಲ, ಜ್ವರವಿರಲಿಲ್ಲ. ಶೀತ ಎನ್ನುವುದು ನನ್ನ ಮಾನ ಮುಚ್ಚಲು ಅಮ್ಮ ನಾಲ್ಕು ಜನಕ್ಕೆ ಹೇಳಿದ ಮಾತು.

ಹುಟ್ಟಿದ ಎರಡನೇ ದಿನವೇ ಅವನ ತುಟಿ ನೀಲಿಯಾಗಿತ್ತು. ಅಮ್ಮನಿಗೆ ತೋರಿಸಿದೆ. "ಮೊದ್ಲು ನಿನ್ ಕೈ ನೋಡ್ಕೊಳ್ಳೇ" ಅಂದಳು. ನೋಡಿಕೊಂಡೆ. ನೀಲಿಯೇ ಇತ್ತು. ಅವತ್ತಿನಿಂದ ಅವನನ್ನು ಮುಟ್ಟುವ ಮುಂಚೆ ಬೂದಿ ಹಾಕಿ ಕೈ ಉಜ್ಜಿಕೊಳ್ಳುತ್ತಿದ್ದೆ, ಚರ್ಮ ಸುಲಿಯುವ ತನಕ. ಅವನು ಬೆಳ್ಳಗಾಗಲಿಲ್ಲ. ಎರಡು ಗುಟುಕು ಕುಡಿದು ನಿಲ್ಲಿಸುತ್ತಿದ್ದ. ಹಣೆಯಲ್ಲಿ ಹನಿ ಹನಿ ಬೆವರು. ಸೋಮಾರಿ ನನ್ನ ಮಗ, ಇಷ್ಟಕ್ಕೇ ಸುಸ್ತಾಗುತ್ತಾನೆ ಎಂದು ಮುದ್ದು ಮಾಡುತ್ತಿದ್ದೆ.

ಹನ್ನೊಂದನೇ ದಿನ ಮಧ್ಯಾಹ್ನ ಮಗ್ಗುಲಾಗಿ ಮಲಗಿ ಹಾಲಿಗೆ ಹಾಕಿಕೊಂಡೆ. ಹಿಂದಿನ ಎರಡು ದಿನ ಅವನು ಮಲಗಿರಲಿಲ್ಲ, ನನ್ನನ್ನೂ ಮಲಗಿಸಿರಲಿಲ್ಲ. ಕಣ್ಣು ಹತ್ತಿತು. ಎಚ್ಚರವಾದಾಗ ಅಂಗಳದಲ್ಲಿ ಒಣಹಾಕಿದ ಬಟ್ಟೆಗಳ ನೆರಳು ಎದುರು ಗೋಡೆಯ ಮೇಲೆ ಬಂದಿತ್ತು. ಅವನು ನನ್ನ ತೋಳಿನ ಅಡಿಯಲ್ಲಿದ್ದ. ಅಮ್ಮ ಬಂದು ಎತ್ತಿಕೊಂಡು ನೋಡಿ ಒಂದೇ ಮಾತು ಕೇಳಿದಳು, "ನಿದ್ದೆ ಹೋಗಿದ್ಯಾ?" ಹೂಂ ಅಂದೆ. ಆಮೇಲೆ ಸಾಯುವ ತನಕ ಅವಳು ಆ ಮಾತು ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು. ಬೈದಿದ್ದರೆ ಇನ್ನೂ ಚೆನ್ನಾಗಿತ್ತು. ನಾನು ಮಧ್ಯಾಹ್ನ ಕಣ್ಣು ಮುಚ್ಚುವುದಿಲ್ಲ ಎಂದು ನೀವೆಲ್ಲ ನಗುತ್ತೀರಲ್ಲ, ಇಪ್ಪತ್ತೆರಡು ವರ್ಷದಿಂದ ಮುಚ್ಚಿಲ್ಲ. ನಾನು ಅವನನ್ನು ಕೊಂದೆ ಎಂದೇ ಬದುಕಿದ್ದೇನೆ.

ಇಷ್ಟನ್ನು ಡಾಕ್ಟರಿಗೆ ಹೇಳು. ಮುಂದಿನದು ನಿನಗೆ.

ನಿನ್ನ ಮಗಳು ಹುಟ್ಟಿದ ಮರುದಿನ ಸ್ನಾನ ಮಾಡಿಸಿದವಳು ನಾನು. ಪಾದ ತಿರುಗಿಸಿ ನೋಡಿದೆ. ಹುಟ್ಟಿದಾಗಿನಿಂದ ಬಟ್ಟೆಯಲ್ಲಿ ಸುತ್ತಿಟ್ಟ ಪಾದ, ಯಾರ ಕೈಯೂ ತಾಕಿರಲಿಲ್ಲ. ಸೋಪು ಹಾಕಿ ತಿಕ್ಕಿದೆ. ನೊರೆ ಬಿಳಿಯಾಗಿಯೇ ಬಂತು. ಮೂವತ್ತು ವರ್ಷ ನೀಲಿಯಲ್ಲಿ ಕೈ ಅದ್ದಿದವಳಿಗೆ ಯಾವುದು ಬಣ್ಣ, ಯಾವುದು ಅಲ್ಲ ಎಂದು ತಿಳಿಯುವುದಿಲ್ಲವೇ? ನಮ್ಮ ಬಟ್ಟೆ ತೊಟ್ಟಿಯಿಂದ ಹಸಿರಾಗಿ ಏಳುತ್ತದೆ, ಗಾಳಿ ತಾಕಿದ ಮೇಲೆ ನೀಲಿಯಾಗುತ್ತದೆ. ಈ ಮಗು ಗಾಳಿ ಸಾಲದೆ ನೀಲಿಯಾಗಿತ್ತು. ನನಗೆ ಆ ಕ್ಷಣವೇ ತಿಳಿಯಿತು, ಗುಬ್ಬೀ. ಟವೆಲ್ ಸುತ್ತಿ ನಿನ್ನ ಕೈಗೆ ಕೊಟ್ಟು, "ನೋಡೇ, ನಮ್ಮ ಬಣ್ಣ ಹತ್ತಿಬಿಟ್ಟಿದೆ" ಎಂದೆ. ನರ್ಸಮ್ಮ ಕೇಳಿದಾಗ ನೀನು ಬಾಯಿ ತೆರೆಯುವ ಮೊದಲೇ ನಾನು ಉತ್ತರ ಕೊಟ್ಟೆ.

ಯಾಕೆ ಎಂದು ಕೇಳುತ್ತೀಯ. ಇವಳದು ಬಣ್ಣ ಅಲ್ಲ ಎಂದರೆ ಅವನದೂ ಬಣ್ಣ ಆಗಿರಲಿಲ್ಲ. ಹಾಗಾದರೆ ಹನ್ನೊಂದು ದಿನ ಅವನು ನನ್ನ ಮಡಿಲಲ್ಲೇ ಸಾಯುತ್ತಿದ್ದ, ನಾನು ಕೈ ತೊಳೆದುಕೊಳ್ಳುತ್ತಾ ಕೂತಿದ್ದೆ. ನಿದ್ದೆಯ ತಪ್ಪಿನ ಜೊತೆ ಹೇಗೋ ಬಾಳು ಸಾಗಿಸಿದ್ದೆ. ಇನ್ನೊಂದನ್ನು ಹೊರುವ ಧೈರ್ಯ ಇರಲಿಲ್ಲ. ಆ ಹೆದರಿಕೆಯಲ್ಲಿ ನಿನ್ನ ಮಗಳ ಐದು ದಿನ ತಿಂದೆ.

ಕ್ಷಮಿಸು ಎಂದು ಬರೆಯಲು ಮುಖವಿಲ್ಲ. ಓಡು, ಡಾಕ್ಟರಿಗೆ ಹೇಳು.

ಅಕ್ಕ


ಮಾರ್ಚ್ 16
ಮನೆಯಿಂದ

ಗುಬ್ಬೀ,

ನಿಮ್ಮೆಜಮಾನರು ಫೋನು ಮಾಡಿದ್ದರಂತೆ. ನಿಮ್ಮ ಭಾವ ಬಂದು "ಆಪರೇಷನ್ ಆಯ್ತಂತೆ" ಎಂದರು. ಆಯ್ತು ಅಂದರೆ ಏನು, ಹೇಗಿದ್ದಾಳೆ ಎಂದು ಕೇಳಿದೆ. ಲೈನು ಕಟ್ಟಾಯಿತು, ಅಷ್ಟೇ ಗೊತ್ತು ಎಂದರು.

ಎರಡು ಸಾಲು ಬರೆ. ನನಗೆ ಅಂತ ಬೇಡ. ಅಂಕಿ ಎಷ್ಟಿದೆ ಅಷ್ಟು ಬರೆ.

ಅಕ್ಕ


ಮಾರ್ಚ್ 19
ಮನೆಯಿಂದ

ಗುಬ್ಬೀ,

ಇವತ್ತೂ ಡ್ರೈವರ್ ಬರಿಗೈಯಲ್ಲಿ ಬಂದರು. ಪತ್ರ ಇಲ್ಲ ಎಂದು ಹೇಳಲು ಸಂಕಟಪಟ್ಟುಕೊಂಡು ಬಸ್ಸಿನಿಂದ ಇಳಿಯಲೇ ಇಲ್ಲ.

ಹಲಗೆಯ ಮೇಲೆ ಇನ್ನೆರಡು ಕಲ್ಲು ಹೇರಿಸಿದ್ದೇನೆ. ಕೆಲಸದವರು ನನ್ನ ಬೆನ್ನ ಹಿಂದೆ ಮಾತಾಡಿಕೊಳ್ಳುತ್ತಾರೆ. ಮಾತಾಡಿಕೊಳ್ಳಲಿ, ಅದೇನೂ ನನಗೆ ಕೇಳಿಸುವುದಿಲ್ಲ.

ಮಗು ಇದೆಯಾ ಎಂದು ಮಾತ್ರ ತಿಳಿಸು.

ಅಕ್ಕ


ಮಾರ್ಚ್ 23
ಆಸ್ಪತ್ರೆಯಿಂದ

ಅಕ್ಕಾ,

ಮಗು ಇದೆ. ಎಂಬತ್ತನಾಲ್ಕು.

ನಿನ್ನ ಪತ್ರ ಹನ್ನೆರಡರ ಮಧ್ಯಾಹ್ನ ಸಿಕ್ಕಿತು. ಡ್ರೈವರ್ ವಾರ್ಡಿನ ಬಾಗಿಲ ತನಕ ಬಂದು ಕೊಟ್ಟರು. ಡಾಕ್ಟರಿಗೆ ಪೂರ್ತಿ ಓದಿ ಹೇಳಿದೆ, ಅವರಿಗೆಂದು ಬರೆದದ್ದು, ನನಗೆಂದು ಬರೆದದ್ದು ಎಲ್ಲ. ಆ ರಕ್ತ ತರಿಸಲು ಆಪರೇಷನ್ನನ್ನು ಹದಿನೈದಕ್ಕೆ ಮುಂದೂಡಿದರು. ನಾಲ್ಕು ಗಂಟೆ ಹಿಡಿಯಿತು. ಮರುದಿನ ಸುಣ್ಣದ ಅಂಶ ದಿಢೀರನೆ ಇಳಿಯಿತು, ಹೃದಯದ ಬಡಿತ ಎರಡು ಸಲ ತಪ್ಪಿತು. ಇದು ಬರುತ್ತದೆ ಎಂದು ಗೊತ್ತಿದ್ದರಿಂದ ಔಷಧಿಯನ್ನು ಸಿರಿಂಜಿನಲ್ಲಿ ತುಂಬಿ ಹಾಸಿಗೆಯ ಪಕ್ಕದಲ್ಲೇ ಇಟ್ಟುಕೊಂಡಿದ್ದರು. ಮುಂಚೆ ತಿಳಿಯದಿದ್ದರೆ ಹುಡುಕುವಷ್ಟರಲ್ಲಿ ಕೈಮೀರುತ್ತಿತ್ತು ಎಂದು ಡಾಕ್ಟರೇ ಹೇಳಿದರು. ವರದಿ ಇನ್ನೂ ಬಂದಿಲ್ಲ.

ಅವಳು ಪೂರ್ತಿ ಕೆಂಪಾಗಿಲ್ಲ. ಒಂದು ವರ್ಷದ ಮೇಲೆ ಇನ್ನೊಂದು ದೊಡ್ಡ ಆಪರೇಷನ್ ಇದೆ. ಅಲ್ಲಿಯವರೆಗೆ ತುಟಿಯಲ್ಲಿ ಸ್ವಲ್ಪ ನೀಲಿ ಇದ್ದೇ ಇರುತ್ತದೆ. ಮನೆಗೆ ಬಂದಾಗ ನೀನು ಅದನ್ನು ದಿನಾ ನೋಡಬೇಕಾಗುತ್ತದೆ.

ನನಗೆ ನಿನ್ನ ಮೇಲೆ ಕೋಪ ಇದೆ. ಹತ್ತು ದಿನ ಬರೆಯದೆ ಕೂತದ್ದು ಅದಕ್ಕೇ. ಪತ್ರ ಸಿಗಲಿಲ್ಲ, ಪುರುಸೊತ್ತಿರಲಿಲ್ಲ ಎಂದೆಲ್ಲ ಸುಳ್ಳು ಹೇಳುವುದಿಲ್ಲ, ಈ ಮನೆಯಲ್ಲಿ ಅದು ಸಾಕು. ನನ್ನ ಮಗಳ ಪಾದ ತೊಳೆದು, ನೊರೆ ನೋಡಿ, ನಗುತ್ತಾ ನನ್ನ ಕೈಗೆ ಕೊಟ್ಟೆಯಲ್ಲ ಅಕ್ಕಾ. ಅದನ್ನು ಮರೆಯಲು ನನ್ನಿಂದ ಆಗುತ್ತದೆಯೋ ಇಲ್ಲವೋ ಗೊತ್ತಿಲ್ಲ. ಮೊದಲ ದಿನವೇ ಬಂದಿದ್ದರೆ ಎಂದು ಡಾಕ್ಟರನ್ನು ಕೇಳಿದೆ. "ಬಂದಿದ್ರೆ ಒಳ್ಳೇದಿತ್ತು" ಎಂದರು.

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ಮೂರು ಸಲ ನನ್ನ ಮಗಳಿಗಾಗಿ ಓದಿದೆ. ನಾಲ್ಕನೆಯ ಸಲ ನಿನ್ನ ಮಗನಿಗಾಗಿ ಓದಿದೆ. ಅವತ್ತು ನಿನಗೆ ಇಪ್ಪತ್ತೆರಡು ವರ್ಷ. ಈಗ ನನಗಿರುವುದಕ್ಕಿಂತ ಎಂಟು ವರ್ಷ ಚಿಕ್ಕವಳು. ಅದು ನನಗೆ ಯಾವತ್ತೂ ಹೊಳೆದಿರಲಿಲ್ಲ.

ಆಮೇಲೆ ಮತ್ತೆ ಡಾಕ್ಟರ ಹತ್ತಿರ ಹೋಗಿ, ತಾಯಿ ನಿದ್ದೆ ಹೋದದ್ದರಿಂದ ಹಾಗಾಗಿರಬಹುದೇ ಎಂದು ಕೇಳಿದೆ. ಅವರ ಮಾತನ್ನು ಹಾಗೆಯೇ ಬರೆಯುತ್ತೇನೆ, ನನ್ನದೇನೂ ಸೇರಿಸಿಲ್ಲ. "ಇಪ್ಪತ್ತೆರಡು ವರ್ಷ ಆದ್ಮೇಲೆ ಯಾರೂ ಖಚಿತವಾಗಿ ಹೇಳೋಕಾಗಲ್ಲ. ಆದ್ರೆ ನೀಲಿ ಇದ್ದ ಮಗು, ಬೆವರ್ತಿದ್ದ ಮಗು, ಹನ್ನೊಂದನೇ ದಿನ. ಆ ಒಳದಾರಿ ಮುಚ್ಚೋದು ಹೆಚ್ಚುಕಮ್ಮಿ ಅದೇ ಹೊತ್ಗೆ. ಅವರು ಕಣ್ಣು ಬಿಟ್ಕೊಂಡು ಕೂತಿದ್ರೂ ಏನೂ ಮಾಡೋಕಾಗ್ತಿರಲಿಲ್ಲ ಅಂತ ನಂಗನ್ಸುತ್ತೆ."

ಅವರು ನಮ್ಮ ಮನೆತನದ ಚಿತ್ರ ಬರೆದಿದ್ದಾರೆ. ಹೆಣ್ಣಿಗೆ ಗುಂಡು, ಗಂಡಿಗೆ ಚೌಕ. ನಿನ್ನ ಗುಂಡಿನ ಕೆಳಗೆ ಒಂದು ಸಣ್ಣ ಚೌಕ ಹಾಕಿ ಅಡ್ಡಗೆರೆ ಎಳೆದರು. ಅವನ ವಿವರಕ್ಕೆ ಒಂದು ಹಾಳೆ ಕೊಟ್ಟಿದ್ದಾರೆ, ಇದರ ಜೊತೆ ಇದೆ. ಬಲವಂತವಿಲ್ಲ. ಗೊತ್ತಿದ್ದಷ್ಟು ತುಂಬಿ ಕಳಿಸು.

ಗುಬ್ಬಿ


ಮಾರ್ಚ್ 26
ಮನೆಯಿಂದ

ಗುಬ್ಬೀ,

ಎಂಬತ್ತನಾಲ್ಕು ಎಂದು ಓದಿ ಅಂಗಳದಲ್ಲೇ ಕೂತುಬಿಟ್ಟೆ. ಡ್ರೈವರ್ ಗಾಬರಿಯಾಗಿ ನೀರು ತಂದರು.

ಕೋಪ ಇಟ್ಟುಕೋ. ಎಷ್ಟು ದಿನ ಬೇಕೋ ಅಷ್ಟು ದಿನ ಇಟ್ಟುಕೋ, ನಾನು ಬೇಡ ಎನ್ನುವುದಿಲ್ಲ. ಬರುವ ಮುಂಚೆ ತಿಳಿಸು. ನನ್ನ ಜೊತೆ ಇರಲು ಮನಸ್ಸಾಗದಿದ್ದರೆ ನಾನು ಬಣ್ಣದ ತೊಟ್ಟಿಗಳ ಪಕ್ಕದ ಕೋಣೆಗೆ ಹೋಗುತ್ತೇನೆ. ಅವಳ ತುಟಿ ನೋಡು ಎಂದರೆ ನೋಡುತ್ತೇನೆ, ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ.

ಹಾಳೆ ತುಂಬಲು ಮೂರು ದಿನ ಹಿಡಿಯಿತು. ಅವನ ಬಗ್ಗೆ ಇದುವರೆಗೆ ಯಾರೂ ನನ್ನನ್ನು ಏನೂ ಕೇಳಿರಲಿಲ್ಲ. ಹುಟ್ಟಿದ ದಿನ, ಗಂಟೆ ಬರೆದೆ. ಮುಂಜಾನೆ ಆರೂಕಾಲು. ಹುಟ್ಟಿದಾಗ ಅತ್ತನೇ ಎಂದು ಕೇಳಿದ್ದಾರೆ. ಅತ್ತ, ಜೋರಾಗಿ ಅತ್ತ, ಆಗ ನನ್ನ ಕಿವಿ ಚೆನ್ನಾಗಿತ್ತು. ತೂಕ ಎಂಬಲ್ಲಿ ನಿಂತೆ. ಯಾರು ತೂಗಿದ್ದರು ಅವನನ್ನು? ಗೊತ್ತಿಲ್ಲ ಎಂದು ಬರೆಯುವಾಗ ನಿಮ್ಮ ಭಾವ ಹಿಂದಿನಿಂದ ಬಂದು ಹಾಳೆಯ ಮೇಲೆ ಬೆರಳಿಟ್ಟು, ನನ್ನ ಕಿವಿಯ ಹತ್ತಿರ ಬಾಗಿ ಕೂಗಿದರು.

"ಎರಡು ಕಿಲೋ ನಾನ್ನೂರು."

ನಿಮಗೆ ಹೇಗೆ ಗೊತ್ತು ಎಂದೆ. ಅವನು ಹುಟ್ಟಿದ ಮೂರನೇ ದಿನ ನಾನು ಮಲಗಿದ್ದಾಗ ಅವನನ್ನು ಎತ್ತಿಕೊಂಡು ಹೋಗಿ, ಬಣ್ಣದ ಪುಡಿ ತೂಗುವ ತಕ್ಕಡಿಯಲ್ಲಿ ಬಟ್ಟೆ ಹಾಸಿ ತೂಗಿದ್ದರಂತೆ. ಸುಮ್ಮನೆ, ಎಷ್ಟಿದ್ದಾನೆ ನೋಡೋಣ ಎಂದು. ಲೆಕ್ಕದ ಪುಸ್ತಕದಲ್ಲಿ ಎಲ್ಲೂ ಬರೆದಿಟ್ಟಿಲ್ಲ. ಇಪ್ಪತ್ತೆರಡು ವರ್ಷ ಬಾಯಿಪಾಠ ಇಟ್ಟುಕೊಂಡಿದ್ದಾರೆ. ನಾನು ಇವರಿಗೆ ಅವನ ನೆನಪೇ ಇಲ್ಲ ಎಂದುಕೊಂಡಿದ್ದೆ. ಇವರು ನನ್ನ ಮುಂದೆ ಅವನ ಸುದ್ದಿ ಎತ್ತಲು ಹೆದರಿದ್ದರಂತೆ. ನಿದ್ದೆಯ ವಿಷಯ ಇವರಿಗೂ ಮೊದಲ ದಿನದಿಂದ ಗೊತ್ತಿತ್ತು.

ಹೆಸರು ಎಂಬಲ್ಲಿ, ಇಟ್ಟಿರಲಿಲ್ಲ ಎಂದು ಬರೆದೆ. ಬಣ್ಣ ಎಂಬಲ್ಲಿ ನೀಲಿ ಎಂದು ಬರೆದೆ. ತುಟಿ, ಉಗುರು, ಪಾದ. ಎಷ್ಟು ದಿನ ಬದುಕಿದ್ದ ಎಂಬಲ್ಲಿ ಹನ್ನೊಂದು ಎಂದು ಬರೆದೆ. ಹನ್ನೊಂದು ದಿನ ಅವನು ಇದ್ದ, ಗುಬ್ಬೀ. ಶೀತ ಎನ್ನುವ ಒಂದು ಮಾತಿನಲ್ಲಿ ನಾವು ಆ ದಿನಗಳನ್ನೆಲ್ಲ ಹೂತುಬಿಟ್ಟಿದ್ದೆವು.

ಕೊನೆಯ ಸಾಲು ಸಾವಿನ ಕಾರಣ. ಡಾಕ್ಟರು ಹೇಳಿದ್ದನ್ನು ನೀನು ಬರೆದ ಪುಟ ಎದುರಿಗೇ ಇಟ್ಟುಕೊಂಡು ಕೂತೆ. ಅದನ್ನು ನೋಡಿ ಬರೆಯೋಣ ಎಂದು ಪೆನ್ನು ತೆಗೆದರೆ ಕೈ ಮುಂದೆ ಹೋಗಲಿಲ್ಲ. ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಇಪ್ಪತ್ತೆರಡು ವರ್ಷ ಅಲ್ಲಿ ಕಾರಣವಾಗಿ ನಾನೇ ಇದ್ದೆ. ಏನು ಬರೆಯಬೇಕೋ ಡಾಕ್ಟರೇ ಬರೆಯಲಿ. ಬರೆಯುವ ತನಕ ನಾನು ಅಲ್ಲೇ ಇರುತ್ತೇನೆ.

ಅಕ್ಕ